ಅಚ್ಚುಕಟ್ಟು

ಕನ್ನಡದಲ್ಲಿ ‘ಅಚ್ಚುಕಟ್ಟು’ ಎಂಬ ಮಾತಿಗೆ ಎರಡು ಮನೆ. ಒಂದು ನಮ್ಮಂಥವರ ಅಡುಗೆಮನೆ. ಇನ್ನೊಂದು ಕೆರೆಯ ಕೆಳಗಿನ ಗದ್ದೆಬಯಲು. ತೂಬಿನ ನೀರು ಎಲ್ಲಿಯವರೆಗೆ ಹರಿಯುತ್ತದೋ ಅಷ್ಟೂ ಆ ಕೆರೆಯ ಅಚ್ಚುಕಟ್ಟು. ತಾತನ ಊರಿನಲ್ಲಿ ಕೆರೆ ಬತ್ತಿ ಎಷ್ಟೋ ವರ್ಷವಾಗಿದ್ದರೂ ಬದುಗಳು ಗೆರೆ ಎಳೆದ ಹಾಗೆ ನಿಂತಿದ್ದವು. ನೀರುಗಂಟಿಗೆ ಮಾತ್ರ ಕೆಲಸವಿರಲಿಲ್ಲ.

ನಮ್ಮ ಮನೆಗೆ ಬಂದವರೆಲ್ಲ ಡಬ್ಬಿಗಳ ಸಾಲು ನೋಡಿ ಹೊಗಳುವವರೇ. ಸಾಸಿವೆ, ಜೀರಿಗೆ, ಮೆಂತ್ಯ, ಎಲ್ಲಕ್ಕೂ ಚೀಟಿ. ಎಲ್ಲ ಚೀಟಿಯೂ ಒಂದೇ ಎತ್ತರ. ಅವನ್ನು ಅಂಟಿಸಿದ್ದು ರಾತ್ರಿ ಎರಡೂವರೆಗೆ ಅಂತ ಯಾರಿಗೂ ಹೇಳಿರಲಿಲ್ಲ. ‘ಮೆಂತ್ಯ’ದ ಯ-ಒತ್ತು ಸೊಟ್ಟಗಾಯಿತೆಂದು ನಾಲ್ಕು ಸಲ ಹರಿದು ಬರೆದೆ. ಐದನೆಯ ಸಲ ಅಳು ಬಂತು, ನಿಲ್ಲಲೇ ಇಲ್ಲ. ಎಲ್ಲೋ ಓದಿದ್ದ 14416 ಒತ್ತಿದೆ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಅದು. ಹಗಲೂ ರಾತ್ರಿಯೂ ಪುಕ್ಕಟೆ. ಮೆಂತ್ಯದ ಕಥೆಯನ್ನೇ ಹೇಳಿದೆ. ಆ ಕಡೆಯವರು ನಗಲಿಲ್ಲ. ಡಾಕ್ಟರನ್ನು ನೋಡಿ ಅಂದರು.

ಖಿನ್ನತೆ ಅಂದರೆ ತಲೆ ಬಾಚದೆ ಮೂಲೆಯಲ್ಲಿ ಮುದುಡಿ ಕೂರುವುದು ಅಂತ ಸಿನಿಮಾಗಳು ಕಲಿಸಿಬಿಟ್ಟಿವೆ. ನಾನೋ ನೆರಿಗೆ ತಪ್ಪದ ಸೀರೆಯಲ್ಲಿ ಹತ್ತು ನಿಮಿಷ ಮುಂಚೆಯೇ ಆಫೀಸಿನಲ್ಲಿರುವವಳು. ಇಸ್ತ್ರಿ ಮಾಡಿಕೊಂಡು ಬಂದ ಖಿನ್ನತೆಯನ್ನು ಯಾರು ಗುರುತಿಸಬೇಕು?

ಡಾಕ್ಟರಮ್ಮ ಕೇಳಿದ್ದು ಇಷ್ಟೇ: “ಈ ಎರಡು ವಾರದಲ್ಲಿ ಏನಾದರೂ ಖುಷಿ ಕೊಟ್ಟಿದ್ದುಂಟಾ?” ಎರಡು ವಾರ ಅವರ ಅಳತೆಗೋಲಂತೆ. ನನ್ನ ಲೆಕ್ಕ ತಿಂಗಳುಗಳಲ್ಲಿ ಬಂತು.

ಪಾಲ್ ಹೆವಿಟ್, ಗಾರ್ಡನ್ ಫ್ಲೆಟ್ ಎಂಬ ಕೆನಡಾದ ಇಬ್ಬರು ಮನಶ್ಶಾಸ್ತ್ರಜ್ಞರು 1991ರಲ್ಲಿ ಈ ಪರಿಪೂರ್ಣತೆಯ ಹುಚ್ಚನ್ನು ಮೂರು ಬಗೆ ಮಾಡಿದರು. ತನ್ನಿಂದಲೇ ಬಯಸುವುದು, ಬೇರೆಯವರಿಂದ ಬಯಸುವುದು, ಲೋಕವೇ ನನ್ನಿಂದ ಬಯಸುತ್ತಿದೆ ಎಂದು ನಂಬುವುದು. ಮೂರನೆಯದಕ್ಕೂ ಖಿನ್ನತೆಗೂ ಗಟ್ಟಿ ನಂಟು. ನಮ್ಮಜ್ಜಿ ಅದನ್ನೇ ‘ನಾಲ್ಕು ಜನ ಏನಂತಾರೆ’ ಎಂದು ದಿನಕ್ಕೆರಡು ಸಲ ಹೇಳುತ್ತಿದ್ದಳು, ಪಾಪ, ಪ್ರಬಂಧ ಬರೆಯಲಿಲ್ಲ.

ಮಾತ್ರೆಯ ಜೊತೆಗೆ ಒಂದು ಹೋಮ್‌ವರ್ಕೂ ಸಿಕ್ಕಿತು. ರಾತ್ರಿ ಹಾಲು ಕುಡಿದ ಲೋಟವನ್ನು ತೊಳೆಯದೆ ಮಲಗಬೇಕು. ಏನೇನು ಅನಾಹುತವಾದೀತು ಎಂದು ಮೊದಲೇ ಬರೆದಿಟ್ಟು, ಬೆಳಗ್ಗೆ ತಾಳೆ ನೋಡಬೇಕು. “ಇರುವೆ. ವಾಸನೆ. ಅತ್ತೆ ನೋಡಿಬಿಡ್ತಾರೆ” ಎಂದು ದುಂಡಗೆ ಬರೆದೆ. ಹನ್ನೆರಡಕ್ಕೊಮ್ಮೆ, ಒಂದಕ್ಕೊಮ್ಮೆ ಎದ್ದು ಹೋಗಿ ನೋಡಿದೆ. ತಳದಲ್ಲಿ ಕೆನೆ ಒಣಗಿ ಬಿಳಿ ಉಂಗುರವಾಗಿತ್ತು. ಕೈ ಕಟ್ಟಿಕೊಂಡು ವಾಪಸು ಬಂದೆ.

ಬೆಳಗ್ಗೆ ಲೋಟ ಫಳಫಳ ಹೊಳೆಯುತ್ತಾ ಬೋರಲು ಕೂತಿತ್ತು. “ಮರೆತಿದ್ದೆ ಅಂತ ಕಾಣುತ್ತೆ, ನಾನೇ ತೊಳೆದಿಟ್ಟೆ ಕಣಮ್ಮ” ಅಂದರು ಅತ್ತೆ.

ಪ್ರಯೋಗ ಕೆಟ್ಟಿತು. ಬೇರೆ ದಾರಿಯಿಲ್ಲದೆ ಅವರಿಗೆ ಎಲ್ಲ ಹೇಳಿದೆ, ಎರಡೂವರೆ ಗಂಟೆಯ ಮೆಂತ್ಯದಿಂದ ಹಿಡಿದು. ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿದರು, ಏನೂ ಅನ್ನಲಿಲ್ಲ.

ಆ ರಾತ್ರಿ ಸಿಂಕಿನಲ್ಲಿ ಎರಡು ಲೋಟ ಇದ್ದವು.