ಯಾರ ಕಣ್ಣಿಗಾಗಿ ಈ ಸಂಪತ್ತು?

ಕಳೆದ ಮಳೆಗಾಲದಲ್ಲಿ ಬಿ.ಎ. ಓದುತ್ತಿರುವ ನನ್ನ ಮಗಳು ಒಂದು ಇಂಗ್ಲಿಷ್ ಕಾದಂಬರಿಯನ್ನು ತಂದು, "ಅಬ್ಬಾ, ಇದನ್ನು ನೀವೂ ಓದಬೇಕು" ಎಂದಳು. ಅಮೆರಿಕದ ಲೇಖಕ ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ 1925ರಲ್ಲಿ ಪ್ರಕಟಿಸಿದ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಅದು. ಮದ್ರಸದಲ್ಲಿ ಅರಬಿ, ಉರ್ದು ಕಲಿತು, ಬಳಿಕ ಕನ್ನಡದಲ್ಲಿ ಪದವಿ ಪಡೆದ ನನಗೆ ಇಂಗ್ಲಿಷ್ ಸರಾಗವಲ್ಲ. ಇಶಾ ನಮಾಝಿನ ನಂತರ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಒಂಬತ್ತು ಅಧ್ಯಾಯಗಳಿಗೆ ಒಂದು ತಿಂಗಳೇ ಬೇಕಾಯಿತು. ಕೊನೆಯ ಅಧ್ಯಾಯ ಮುಗಿಸಿದ ರಾತ್ರಿ ನಿದ್ರೆ ಹತ್ತಲಿಲ್ಲ.

ಬಡ ರೈತನ ಮಗನೊಬ್ಬ ಹದಿನೇಳನೆಯ ವಯಸ್ಸಿನಲ್ಲಿ ತನ್ನ ಹೆಸರನ್ನೇ ಬದಲಿಸಿಕೊಂಡು, ಹುಟ್ಟಿದ ಮನೆಯನ್ನು ಮರೆಯಲು ಹೊರಡುತ್ತಾನೆ. ಸೈನ್ಯದಲ್ಲಿದ್ದಾಗ ಸಿರಿವಂತರ ಮಗಳೊಬ್ಬಳನ್ನು ಪ್ರೀತಿಸುತ್ತಾನೆ. ಅವಳು ಮತ್ತೊಬ್ಬ ಸಿರಿವಂತನನ್ನು ವರಿಸುತ್ತಾಳೆ. ಕಾನೂನುಬಾಹಿರ ಮದ್ಯದ ವ್ಯಾಪಾರದಿಂದ ಹಣ ಮಾಡಿದ ಆತ, ಅವಳ ಮನೆಯೆದುರಿನ ದಡದಲ್ಲಿ ಅರಮನೆಯಂತಹ ಮನೆಯನ್ನು ಕೊಂಡು, ನೂರಾರು ಜನರಿಗೆ ಔತಣ ನೀಡುತ್ತಾನೆ. ಅವನ ಗ್ರಂಥಾಲಯದಲ್ಲಿ ನಿಜವಾದ ಪುಸ್ತಕಗಳಿವೆ. ಆದರೆ ಅವುಗಳ ಹಾಳೆಗಳನ್ನು ಓದಲೆಂದು ಯಾರೂ ಬಿಡಿಸಿಲ್ಲ. ಇಷ್ಟಾದರೂ ತಲೆಮಾರಿನಿಂದ ಬಂದ ಸಿರಿವಂತರ ದೃಷ್ಟಿಯಲ್ಲಿ ಅವನು ಹೊರಗಿನವನೇ. ಅವಳು ಓಡಿಸುತ್ತಿದ್ದ ಕಾರಿಗೆ ಸಿಲುಕಿ ಒಬ್ಬ ಹೆಣ್ಣುಮಗಳು ಸಾಯುತ್ತಾಳೆ. ಆ ಅಪವಾದವನ್ನು ತಾನು ಹೊತ್ತು ಅವನು ಕೊಲೆಯಾಗುತ್ತಾನೆ. ಅವಳು ಗಂಡನೊಂದಿಗೆ ಊರು ಬಿಟ್ಟು ಹೋಗುತ್ತಾಳೆ. ಉಂಡು ಹೋದ ನೂರಾರು ಜನರಲ್ಲಿ ಅಂತ್ಯಕ್ರಿಯೆಗೆ ಬಂದವನು ಒಬ್ಬನೇ. ಅವನೊಂದಿಗೆ ನೆರೆಮನೆಯ ಗೆಳೆಯ, ಕೆಲವು ಆಳುಗಳು, ಅಂಚೆಯವ ಮತ್ತು ವೃದ್ಧ ತಂದೆ ಇದ್ದರು. ಆ ತಂದೆಯ ಜೇಬಿನಲ್ಲಿ ಮಗನ ಮನೆಯ ಭಾವಚಿತ್ರವೊಂದಿತ್ತು. ಎಲ್ಲರಿಗೂ ತೋರಿಸಿ ತೋರಿಸಿ ಅದು ಸವೆದುಹೋಗಿತ್ತು.

ಆ ಭಾವಚಿತ್ರದ ಬಳಿ ನಾನು ಪುಸ್ತಕವನ್ನು ಮುಚ್ಚಿಟ್ಟೆ. ನನ್ನ ತಂದೆ ಕಣ್ಣಮುಂದೆ ಬಂದರು.

ಹದಿನೈದು ವರ್ಷಗಳ ಹಿಂದೆ ತಂಗಿಯ ನಿಕಾಹ್ ಗೊತ್ತಾದಾಗ, ಮಸೀದಿಯಲ್ಲಿ ನಿಕಾಹ್ ಓದಿಸಿ ಖರ್ಜೂರ ಹಂಚಿದರೆ ಸಾಕೆಂದು ತಂದೆ ಹೇಳಿದ್ದರು. ಗಂಡಿನ ಕಡೆಯವರು ಅಂಗಡಿ, ಕಾರುಗಳಿದ್ದವರು. ಅವರು ಏನನ್ನೂ ಬೇಡಿರಲಿಲ್ಲ. ಬೇಡಿದವನು ನಾನು. ಜನರಿಗೆ ದುಂದುವೆಚ್ಚದ ವಿರುದ್ಧ ಉಪದೇಶಿಸುತ್ತಿದ್ದ ನಾನೇ, "ನಮ್ಮ ಮರ್ಯಾದೆ ಏನಾಗಬೇಕು?" ಎಂದು ಹಟ ಹಿಡಿದೆ. ಸವದತ್ತಿ ಕಡೆಗೆ ನಮಗಿದ್ದ ಎರೆಹೊಲದಲ್ಲಿ ಒಂದು ಎಕರೆ ಮಾರಾಟವಾಯಿತು. ಬೈಲಹೊಂಗಲದಲ್ಲಿ ದೊಡ್ಡ ಹಾಲ್ ಹಿಡಿದೆವು. ದೊಡ್ಡವರು ಮೊದಲ ಪಂಕ್ತಿಯಲ್ಲಿ ಉಂಡು ಹೊರಟರು. ನಮ್ಮ ಓಣಿಯವರನ್ನು ಕೊನೆಯ ಪಂಕ್ತಿಗೆ ಕೂರಿಸಿದೆವು. ಅಷ್ಟರಲ್ಲಿ ಮಾಂಸ ಮುಗಿದು ಬರಿಯ ಅನ್ನ ಉಳಿದಿತ್ತು. ನಾಲ್ಕು ವರ್ಷಗಳ ಬಳಿಕ ತಂದೆ ತೀರಿಕೊಂಡರು. ಅವರ ಜನಾಝಾಕ್ಕೆ ಹೆಗಲು ಕೊಟ್ಟವರು ಆ ಕೊನೆಯ ಪಂಕ್ತಿಯವರು.

ಮಾರಿದ ಹೊಲದ ಬಗ್ಗೆ ತಂದೆ ಎಂದೂ ಒಂದು ಮಾತನ್ನೂ ಆಡಲಿಲ್ಲ. ಬಸ್ಸು ಆ ದಾರಿಯಲ್ಲಿ ಸಾಗುವಾಗ ಮಾತ್ರ ಮುಖವನ್ನು ಇನ್ನೊಂದು ಕಡೆಗೆ ತಿರುಗಿಸುತ್ತಿದ್ದರು.

ಪವಿತ್ರ ಕುರ್‌ಆನ್ ಹೇಳುವ ಕಾರೂನನ ವೃತ್ತಾಂತ ನಮಗೆಲ್ಲ ಗೊತ್ತು. ಅವನ ಭಂಡಾರದ ಕೀಲಿಗಳನ್ನು ಹೊರುವುದೇ ಬಲಶಾಲಿಗಳ ಗುಂಪಿಗೆ ಭಾರವಾಗಿತ್ತು. ನಾವು ಅವನ ಅಹಂಕಾರದ ಕುರಿತು ಪ್ರವಚನ ಮಾಡುತ್ತೇವೆ. ಆದರೆ ಅವನ ಮೆರವಣಿಗೆಯನ್ನು ನೋಡಿ, ತಮಗೂ ಅಂತಹ ಭಾಗ್ಯ ದೊರೆಯಬಾರದಿತ್ತೇ ಎಂದು ಹಂಬಲಿಸಿದ ಜನರನ್ನು ಮರೆತುಬಿಡುತ್ತೇವೆ. ಕಾರೂನನಾಗಲು ಸಂಪತ್ತು ಬೇಕು. ಆ ಜನರಂತಾಗಲು ಏನೂ ಬೇಕಿಲ್ಲ. ಸಂಪತ್ತಿಲ್ಲದೆಯೇ ಅದರ ರೋಗ ನನಗೆ ತಗುಲಿತ್ತು. ನಿಜವಾದ ಸಿರಿತನ ವಸ್ತುಗಳ ಹೇರಳತೆಯಲ್ಲಿಲ್ಲ, ಮನಸ್ಸಿನ ತೃಪ್ತಿಯಲ್ಲಿದೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನೂ ನಾನೇ.

ಇದರರ್ಥ ಸಂಪತ್ತೇ ಪಾಪವೆಂದಲ್ಲ. ಅದನ್ನು ನಮ್ಮ ನೆಲವೇ ಕಲಿಸುತ್ತದೆ. ವಿದ್ಯಾರ್ಥಿಗಳನ್ನು ಕಿತ್ತೂರಿಗೆ ಕರೆದೊಯ್ದಾಗ ಅರಮನೆಯ ಮುರುಕು ಗೋಡೆಗಳ ನಡುವೆ ನಿಂತು ಪಾಠ ಹೇಳುತ್ತೇನೆ. 1824ರಲ್ಲಿ ಕಂಪನಿ ಸರಕಾರವು ದತ್ತುಪುತ್ರನನ್ನು ಒಪ್ಪದೆ ಕಿತ್ತೂರಿನ ಖಜಾನೆಗೆ ಕೈಹಾಕಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ನಿಧನರಾದರು. ಖಜಾನೆಯಲ್ಲಿ ಎಷ್ಟಿತ್ತೆಂದು ಇಂದು ಯಾವ ಮಗುವೂ ಕೇಳುವುದಿಲ್ಲ. ರಾಣಿಯ ಸಮಾಧಿ ಎಲ್ಲಿದೆಯೆಂದು ಎಲ್ಲ ಮಕ್ಕಳಿಗೂ ಗೊತ್ತು.

ಸವದತ್ತಿ ತಾಲೂಕಿನ ಶಿರಸಂಗಿಯಲ್ಲಿ ಇನ್ನೊಬ್ಬ ಸಿರಿವಂತರಿದ್ದರು. 1861ರಲ್ಲಿ ಹುಟ್ಟಿ, ದೇಸಗತಿಯ ಮನೆಗೆ ದತ್ತು ಬಂದ ಲಿಂಗರಾಜ ದೇಸಾಯಿಯವರು. ಮನೆತನ ಮುಂದುವರಿಸಲು ಮಕ್ಕಳಿರಲಿಲ್ಲ. ಆ ಕೊರಗನ್ನು ಮರೆಯಲು ಅವರೂ ವಾಡೆಯಲ್ಲಿ ದೀಪ ಹಚ್ಚಿಸಿ ಔತಣ ನಡೆಸಬಹುದಿತ್ತು. 1906ರಲ್ಲಿ ಕಣ್ಮುಚ್ಚುವ ಮುನ್ನ ಅವರು ತಮ್ಮ ಆಸ್ತಿಯನ್ನು ಸಮಾಜದ ಬಡಮಕ್ಕಳ ವಿದ್ಯೆಗೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ವಕ್ಫ್‌ನ ಅರ್ಥವನ್ನು ಓದಿಕೊಂಡ ನನಗೆ, ಅನ್ಯಧರ್ಮೀಯರಾದ ಈ ಹಿರಿಯರ ಬದುಕಿನಲ್ಲಿ ಅದರ ಸಾರವೇ ಕಾಣುತ್ತದೆ. ಗ್ಯಾಟ್ಸ್‌ಬಿಯ ಗ್ರಂಥಾಲಯದಲ್ಲಿ ಪುಸ್ತಕಗಳಿದ್ದವು, ಓದುವವರಿರಲಿಲ್ಲ. ದೇಸಾಯಿಯವರಿಗೆ ಮಕ್ಕಳಿರಲಿಲ್ಲ, ಆದರೆ ಅವರ ಹಣದಿಂದ ಓದಿದ ಮಕ್ಕಳು ಅಸಂಖ್ಯ.

ಈಗ ಮಗಳ ನಿಕಾಹ್‌ನ ಮಾತು ಆರಂಭವಾಗಿದೆ. ರಾಮದುರ್ಗದಲ್ಲಿರುವ ನನ್ನ ಸೋದರಮಾವ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು, ಯಾವ ಹಾಲ್ ಎಂದು. ಕಳೆದ ವಾರ ಮಸೀದಿಯಲ್ಲಿ ಎಂದೆ. ಅವರು ಒಂದು ಕ್ಷಣ ಸುಮ್ಮನಾಗಿ, "ಜನ ಏನಂದಾರು?" ಎಂದರು. ಅದು ಹದಿನೈದು ವರ್ಷಗಳ ಹಿಂದಿನ ನನ್ನದೇ ಪ್ರಶ್ನೆ. ಉತ್ತರ ಕೊಡುವಾಗ ನನ್ನ ದನಿ ನಡುಗಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಪಕ್ಕದಲ್ಲಿ ಕುಳಿತಿದ್ದ ಮಗಳು ನಕ್ಕಳು.

ಔತಣವೇನಾದರೂ ಆದರೆ ಈ ಸಲ ಮೊದಲ ಪಂಕ್ತಿ ನಮ್ಮ ಓಣಿಯವರದ್ದು. ಈ ನಿರ್ಧಾರದಲ್ಲಿ ಅಲ್ಲಾಹನು ನನ್ನನ್ನು ದೃಢವಾಗಿರಿಸಲಿ, ನನ್ನ ತಂದೆಗೆ ಮಗ್ಫಿರತ್ ಕರುಣಿಸಲಿ. ಆಮೀನ್.