ಒಲೆಯ ಬಳಿಯ ಕ್ರಿಯಾಪದಗಳು

ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಬ್ರಿಟನಿ ಪ್ರಾಂತ್ಯದಲ್ಲಿ ಗೋಧಿ ಬೆಳೆಯುವುದು ಹಿಂದೆ ಸುಲಭವಾಗಿರಲಿಲ್ಲ. ಗ್ರಾನೈಟ್ ಬಂಡೆಯ ಮೇಲೆ ಹರಡಿದ, ಹುಳಿ ಗುಣದ ಆ ಬಡಮಣ್ಣಿಗೆ ಒಗ್ಗಿದ್ದು ಬಕ್‌ವೀಟ್. ನಮ್ಮ ಪುಣೆಯ ಅಂಗಡಿಗಳಲ್ಲಿ ನವರಾತ್ರಿಯ ಉಪವಾಸಕ್ಕೆಂದು ಮಾರುವ ಕುಟ್ಟು. ಅಲ್ಲಿನವರು ಅದನ್ನು ‘ಕಪ್ಪು ಗೋಧಿ’ ಎನ್ನುತ್ತಾರೆ, ಆದರೆ ಅದಕ್ಕೂ ಗೋಧಿಗೂ ನೆಂಟಸ್ತನವಿಲ್ಲ. ಬಿತ್ತಿದ ಸುಮಾರು ನೂರು ದಿನಗಳಲ್ಲಿ ಕೊಯ್ಲಿಗೆ ಬರುವ ಈ ಕಾಳು, ಬಯಲುಸೀಮೆಯನ್ನು ರಾಗಿ ಸಾಕಿದಂತೆ, ಬ್ರಿಟನಿಯ ಬಡವರನ್ನು ಶತಮಾನಗಳ ಕಾಲ ಸಾಕಿತು.

ಉದ್ಯೋಗದ ನಿಮಿತ್ತ ನಾವು ಎರಡು ವರ್ಷ ಬ್ರೆಸ್ತ್ ನಗರದಲ್ಲಿದ್ದೆವು. ಅಲ್ಲಿನ ಅಡುಗೆಯನ್ನು ನಮಗೆ ಕಲಿಸಿದವರು ಮೇಲಿನ ಮಹಡಿಯಲ್ಲಿದ್ದ, ಎಂಬತ್ತು ದಾಟಿದ ಅಜ್ಜಿ. ಮೊದಲ ಪಾಠ ‘ಗಲೆತ್’. 330 ಗ್ರಾಂ ಕಪ್ಪು ಗೋಧಿಯ ಹಿಟ್ಟು, 10 ಗ್ರಾಂ ಕಲ್ಲುಪ್ಪು, 750 ಮಿಲಿಲೀಟರ್ ನೀರು, ಇಷ್ಟೇ. ಈ ಹಿಟ್ಟಿನಲ್ಲಿ ಗೋಧಿಯ ಅಂಟು ಇಲ್ಲದ ಕಾರಣ ನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತ ಕೈಯಿಂದ ಚೆನ್ನಾಗಿ ಬಡಿದು, ರಾತ್ರಿಯಿಡೀ ಬಿಡಬೇಕು. ಮರುದಿನ ‘ಬಿಲಿಗ್’ ಎಂಬ ದುಂಡನೆಯ ಎರಕದ ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಹಿಟ್ಟು ಸುರಿದು, ‘ರೋಜ಼ೆಲ್’ ಎಂಬ ಮರದ ಸಣ್ಣ ಕುಂಟೆಯಿಂದ ಹರಡುತ್ತಾರೆ. ಸೌಟಿನ ಬೆನ್ನಿನಿಂದ ದೋಸೆಯನ್ನು ನಡುವಿನಿಂದ ಅಂಚಿಗೆ ಸುತ್ತುವ ನಮ್ಮ ಕೈಗೆ ಈ ಅಭ್ಯಾಸ ಹೊಸದು. ಇಲ್ಲಿ ಕುಂಟೆಯನ್ನು ಒತ್ತುವಂತಿಲ್ಲ. ಮಣಿಕಟ್ಟನ್ನು ತಿರುಗಿಸುತ್ತ ಹಿಟ್ಟನ್ನು ಎಳೆದೊಯ್ಯಬೇಕು. ಗಲೆತ್ ಜೊತೆಗೆ ‘ಲೇ ರಿಬೋ’ ಎಂಬ ಹುಳಿ ಮಜ್ಜಿಗೆ ಕುಡಿಯುತ್ತಾರೆಂದು ತಿಳಿದಾಗ ನಮಗೆ ಆ ಊರು ಅಪರಿಚಿತವೆನ್ನಿಸಲಿಲ್ಲ.

ಅಲ್ಲಿನ ಬೆಣ್ಣೆಗೆ ಉಪ್ಪು ಸೇರಿರುವುದಕ್ಕೂ ಒಂದು ಚರಿತ್ರೆಯಿದೆ. 1789ರ ಕ್ರಾಂತಿಗೆ ಮುಂಚೆ ಫ್ರಾನ್ಸಿನ ಬಹುಭಾಗದಲ್ಲಿ ‘ಗಾಬೆಲ್’ ಎಂಬ ಉಪ್ಪಿನ ತೆರಿಗೆ ಜನರನ್ನು ಹಿಂಡುತ್ತಿತ್ತು. ಬ್ರಿಟನಿಗೆ ಅದರಿಂದ ವಿನಾಯಿತಿಯಿತ್ತು. ಹಾಗಾಗಿ ಅಗ್ಗದ ಉಪ್ಪಿನಲ್ಲಿ ಬೆಣ್ಣೆಯನ್ನು ಕಾಪಿಡುವ ರೂಢಿ ಅಲ್ಲಿ ನಿಂತಿತು. ತೆರಿಗೆ ಹೋಯಿತು, ರುಚಿ ಉಳಿಯಿತು. ದ್ವಾರ್ನನೇ ಎಂಬ ಮೀನುಗಾರರ ಊರಿನಲ್ಲಿ 1860ರ ಸುಮಾರಿಗೆ ಹುಟ್ಟಿದ ‘ಕ್ವಿನ್ ಅಮಾನ್’ ಎಂಬ ತಿನಿಸು ಈ ಬೆಣ್ಣೆಯದೇ ಮಹಿಮೆ: ಬ್ರೆಡ್ಡಿನ ಕಣಕದೊಳಗೆ ಬೆಣ್ಣೆ ಸಕ್ಕರೆಗಳನ್ನು ಧಾರಾಳವಾಗಿ ಮಡಿಚಿ ಮಡಿಚಿ ಬೇಯಿಸುತ್ತಾರೆ.

ನಮ್ಮ ಮನಸ್ಸಿನಲ್ಲಿ ನೆಟ್ಟು ನಿಂತದ್ದು ಮಾತ್ರ ‘ಕಿಗ್ ಹ ಫಾರ್ಜ಼್’. ಕಪ್ಪು ಗೋಧಿಯ ಹಿಟ್ಟು, ಹಾಲು, ಮೊಟ್ಟೆ, ಬೆಣ್ಣೆ ಕಲಸಿ ಬಟ್ಟೆಯ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮಾಂಸ ತರಕಾರಿಗಳು ಕುದಿಯುವ ದೊಡ್ಡ ಪಾತ್ರೆಯೊಳಗೆ ಗಂಟೆಗಟ್ಟಲೆ ಬೇಯಲು ಬಿಡುತ್ತಾರೆ. ಬೆಂದ ಮೇಲೆ ಚೀಲವನ್ನು ಮಣೆಯ ಮೇಲೆ ಉರುಳಿಸಿ ಒಳಗಿನದನ್ನು ಉದುರುದುರು ಮಾಡಿ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿಯ ‘ಲಿಪಿಗ್’ ಸುರಿಯುತ್ತಾರೆ. ನಾವು ಮಾಂಸ ಬಿಟ್ಟು ಕೋಸು, ಗಜ್ಜರಿಗಳ ರಸದಲ್ಲಿ ಬೇಯಿಸಿದೆವು. ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸಿದವರಿಗೆ ಚೀಲದ ತರ್ಕ ತಾನಾಗಿ ಅರ್ಥವಾಗುತ್ತದೆ.

ಈ ಹೆಸರುಗಳಲ್ಲಿ ಹಲವು ಫ್ರೆಂಚ್ ಅಲ್ಲ, ಬ್ರೆಟನ್. ವೆಲ್ಷ್ ಭಾಷೆಯ ಹತ್ತಿರದ ಬಂಧು. ಕಿಗ್ ಎಂದರೆ ಮಾಂಸ, ಅಮಾನ್ ಎಂದರೆ ಬೆಣ್ಣೆ. ಒಂದು ದಿನ ನಾವು ಅಜ್ಜಿಯನ್ನು, ಹಿಟ್ಟು ಬಡಿಯುವುದಕ್ಕೆ ಬ್ರೆಟನ್ನಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದೆವು. ಅವರು ಕೈ ನಿಲ್ಲಿಸಿದರು. ಅವರಿಗೆ ಗೊತ್ತಿರಲಿಲ್ಲ. ತಂದೆತಾಯಿ ತಮ್ಮತಮ್ಮೊಳಗೆ ಬ್ರೆಟನ್ ಆಡುತ್ತಿದ್ದರು, ಮಕ್ಕಳೊಡನೆ ಫ್ರೆಂಚ್ ಮಾತ್ರ. ತಾಯಿಯ ಕಾಲದ ಶಾಲೆಯಲ್ಲಿ ಬ್ರೆಟನ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಪಾದುಕೆಯನ್ನು ನೇತುಹಾಕುತ್ತಿದ್ದರಂತೆ. ಆ ಅವಮಾನ ತಮ್ಮ ಮಕ್ಕಳಿಗೆ ಬೇಡವೆಂದು ತಾಯಿ ಬಗೆದರು. ಅಜ್ಜಿಗೆ ದಕ್ಕಿದ್ದು ತಿನಿಸುಗಳ, ಪಾತ್ರೆಗಳ ಹೆಸರು: ಒಂದು ಹಿಡಿ ನಾಮಪದಗಳು.

ಹೊಟ್ಟೆಪಾಡಿಗೆ ಪ್ಯಾರಿಸ್ಸಿಗೆ ಹೋದ ಬ್ರೆಟನ್ನರು ತಮ್ಮೂರಿನ ರೈಲು ಬಂದು ನಿಲ್ಲುವ ಮೊಂಪಾರ್ನಾಸ್ ನಿಲ್ದಾಣದ ಸುತ್ತಲೇ ನೆಲೆಸಿದರು. ಇಂದಿಗೂ ಆ ಬೀದಿಗಳಲ್ಲಿ ಅವರ ದೋಸೆಯಂಗಡಿಗಳ ಸಾಲಿದೆ. ಮುಂಬಯಿಯ ಮಾಟುಂಗಾ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಗಡಿಯ ಫಲಕದ ಮೇಲೆ ಹೆಸರು ಉಳಿಯುತ್ತದೆ, ಏಕೆಂದರೆ ಹೆಸರಿಗೆ ಗಿರಾಕಿಯಿದ್ದಾನೆ. ಕ್ರಿಯಾಪದಕ್ಕೆ ಗಿರಾಕಿಯಿಲ್ಲ. ಒಲೆಯ ಬಳಿ ನಿಂತು ಒಬ್ಬರು ಇನ್ನೊಬ್ಬರಿಗೆ ಹೇಳಿದರಷ್ಟೇ ಅದು ದಾಟುತ್ತದೆ.

ಪುಣೆಗೆ ಮರಳಿದ ಮೇಲೆ ನಮ್ಮ ಒಂಬತ್ತು ವರ್ಷದ ಮಗಳ ಕನ್ನಡಕ್ಕೆ ನಾವು ಬೇರೆ ರೀತಿಯಲ್ಲಿ ಕಿವಿಗೊಟ್ಟೆವು. ಅವಳು ‘ದೋಸೆ ಮಾಡು, ರೊಟ್ಟಿ ಮಾಡು, ಚಪಾತಿ ಮಾಡು’ ಎನ್ನುತ್ತಾಳೆ. ದೋಸೆ ಹುಯ್ಯುವುದು, ರೊಟ್ಟಿ ತಟ್ಟುವುದು, ಚಪಾತಿ ಲಟ್ಟಿಸುವುದು, ಶಾವಿಗೆ ಒತ್ತುವುದು, ಮುದ್ದೆ ಕಟ್ಟುವುದು, ಇಷ್ಟೆಲ್ಲವನ್ನೂ ಒಂದು ‘ಮಾಡು’ ನುಂಗಿಹಾಕಿತ್ತು. ಅವಳ ಕೊರಳಿಗೆ ಯಾರೂ ಪಾದುಕೆ ನೇತುಹಾಕಿಲ್ಲ. ಬಲವಂತವಿಲ್ಲದೆಯೂ ಭಾಷೆ ತೆಳ್ಳಗಾಗಬಲ್ಲದು ಎಂಬುದೇ ನಮ್ಮನ್ನು ಹೆಚ್ಚು ಕಾಡಿತು.

ಬ್ರಿಟನಿಯಲ್ಲಿ 1977ರಿಂದ ‘ದಿವಾನ್’ ಎಂಬ ಶಾಲೆಗಳು ಬ್ರೆಟನ್ ಮಾಧ್ಯಮದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿವೆ. ದಿವಾನ್ ಎಂದರೆ ಮೊಳಕೆ. ಅಜ್ಜಿಯ ಮನೆಯಲ್ಲಿ ಕಡಿದ ದಾರವನ್ನು ಶಾಲೆಯಲ್ಲಿ ಮತ್ತೆ ಗಂಟು ಹಾಕಲು ಎಷ್ಟು ಮಂದಿ, ಎಷ್ಟು ವರ್ಷ ದುಡಿಯಬೇಕಾಗಿದೆ! ಹೊರನಾಡಿನ ನಮ್ಮ ಮನೆಗಳಲ್ಲಿ ಆ ದಾರ ಇನ್ನೂ ಕಡಿದಿಲ್ಲ.

ಈಗ ಭಾನುವಾರಗಳಂದು ಗಲೆತ್ ಮಾಡುವಾಗ ಮಗಳು ನಮ್ಮ ಪಕ್ಕದಲ್ಲಿರುತ್ತಾಳೆ. ಕುಟ್ಟಿನ ಹಿಟ್ಟು, ನಮ್ಮದೇ ದೋಸೆ ಕಾವಲಿ, ಮರದ ಕುಂಟೆಗೆ ಬದಲು ಸೌಟು. ಇದನ್ನು ಹುಯ್ಯುವುದೋ ತಟ್ಟುವುದೋ ಎಂದು ಅವಳು ಮೊನ್ನೆ ಕೇಳಿದಳು. ನಾವಿಬ್ಬರೂ ಯೋಚಿಸಿ, ‘ಹುಯ್ದು ಎಳೆಯುವುದು’ ಎಂದೆವು. ಅವಳು ಆ ಮಾತನ್ನು ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡು ಸೌಟಿಗೆ ಕೈ ಚಾಚಿದಳು.