ಕಾರಹುಣ್ಣಿಮೆಯ ಎತ್ತು ಮತ್ತು ಕೆ.ಎಲ್. ರಾಹುಲ್

ವರ್ಷವಿಡೀ ಚೆನ್ನಾಗಿ ಆಡಿದ ಆಟಗಾರನೊಬ್ಬನು, ಸೋತರೆ ಮನೆಗೆ ಹೋಗಬೇಕೆಂಬ ದಿನ ಕೈಕೊಟ್ಟನೆಂದರೆ, ಅವನನ್ನು ದೊಡ್ಡ ಆಟಗಾರನೆಂದು ಕರೆಯಬಹುದೇ? ಈ ಪ್ರಶ್ನೆ ಹೊಸದಲ್ಲ. ಆಟವಿರುವಲ್ಲೆಲ್ಲ ಇದೂ ಇದೆ. ಭೀಮಾ ನದಿಯ ದಂಡೆಯ ಘತ್ತರಗಿಯ ನಮ್ಮ ಮನೆಯಲ್ಲಿ ಮಾತ್ರ 2023ರ ನವೆಂಬರಿನಿಂದ ಈ ಪ್ರಶ್ನೆಗೆ ಒಂದೇ ಹೆಸರು ಅಂಟಿಕೊಂಡಿದೆ. ಅದು ಕೆ.ಎಲ್. ರಾಹುಲರ ಹೆಸರು. ಬೆಂಗಳೂರಿನಲ್ಲಿ ಹುಟ್ಟಿ, ಸುರತ್ಕಲ್ಲಿನಲ್ಲಿ ಬೆಳೆದು, ಕರ್ನಾಟಕ ತಂಡದಿಂದ ಭಾರತ ತಂಡಕ್ಕೆ ಏರಿದವರು ಅವರು. ನಮ್ಮ ನಾಡಿನವರೆಂಬ ಅಭಿಮಾನವೇ ಈ ವಾದಕ್ಕೆ ಇಷ್ಟು ಕಾವು ಕೊಟ್ಟಿರಬೇಕು. ಪರರ ಮಗ ಎಡವಿದರೆ ನಾವಾರೂ ಇಷ್ಟೊಂದು ನೊಂದುಕೊಳ್ಳುವುದಿಲ್ಲ.

ವಾದಕ್ಕೆ ಮೂಲವಾದ ದಿನವನ್ನು ವಾಚಕರು ಮರೆತಿರಲಾರರು. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ಅದುವರೆಗೆ ಆಡಿದ ಹತ್ತೂ ಪಂದ್ಯಗಳನ್ನು ಗೆದ್ದಿದ್ದ ಭಾರತ, ಆಸ್ಟ್ರೇಲಿಯದ ಎದುರು 81 ರನ್ನಿಗೆ ಮೂರು ವಿಕೆಟ್ ಕಳೆದುಕೊಂಡಾಗ ರಾಹುಲ್ ಕ್ರೀಸಿಗೆ ಬಂದರು. ಆಗಿನ್ನೂ ಹನ್ನೊಂದನೆಯ ಓವರ್. ಅವರು ಮತ್ತು ವಿರಾಟ್ ಕೊಹ್ಲಿ ಸೇರಿ 67 ರನ್ ಕೂಡಿಸಲು 109 ಚೆಂಡುಗಳನ್ನು ತೆಗೆದುಕೊಂಡರು. ರಾಹುಲ್ ಕೊನೆಗೆ 107 ಚೆಂಡುಗಳಲ್ಲಿ 66 ರನ್ ಗಳಿಸಿ ಹೊರಟಾಗ ಅವರ ಲೆಕ್ಕದಲ್ಲಿ ಇದ್ದ ಬೌಂಡರಿ ಒಂದೇ ಒಂದು. ಭಾರತದ ಮೊತ್ತ 240. ಟ್ರಾವಿಸ್ ಹೆಡ್ 137 ರನ್ ಹೊಡೆದು ಕಪ್ಪನ್ನು ಕೊಂಡೊಯ್ದರು.

ಅಂದು ನಮ್ಮ ಪಡಸಾಲೆಯಲ್ಲಿ ದೂರದರ್ಶನದ ಮುಂದೆ ಕುಳಿತವರಲ್ಲಿ ಹಿರಿಯರೆಂದರೆ ನಮ್ಮ ಕಾಕಾ. ಎಪ್ಪತ್ತು ದಾಟಿದ ಒಕ್ಕಲಿಗ. ಕ್ರಿಕೆಟ್ಟನ್ನು ರೇಡಿಯೋದಲ್ಲಿ ಕೇಳಿ ಕಲಿತವರು. ಅವರ ತೀರ್ಪು ಒಂದೇ ಮಾತಿನಲ್ಲಿ ಬಂದಿತು: “ಹೊಲದಾಗ ಹಿಂಗ ಕಸಾ ತಗೀತಾ ಕುಂತ್ರ ಬಿತ್ತೂದು ಯಾವಾಗ? ಈ ಹುಡುಗ ದೊಡ್ಡ ದಿನಕ್ಕ ಆಗೂದಿಲ್ಲ.”

ಕಾಕಾ ಅವರ ಬಳಿ ಹಳೆಯ ಸಾಕ್ಷಿಗಳೂ ಇದ್ದವು. 2019ರ ವಿಶ್ವಕಪ್ಪಿನ ಉಪಾಂತ್ಯದಲ್ಲಿ, ಮ್ಯಾಂಚೆಸ್ಟರಿನಲ್ಲಿ, ರಾಹುಲ್ ಗಳಿಸಿದ್ದು ಒಂದು ರನ್. 2022ರ ಟಿ-20 ವಿಶ್ವಕಪ್ಪಿನ ಉಪಾಂತ್ಯದಲ್ಲಿ, ಅಡಿಲೇಡಿನಲ್ಲಿ, ಐದು. ಅದೇ 2022ರ ಮೇ ತಿಂಗಳಲ್ಲಿ ಐಪಿಎಲ್ ಸ್ಪರ್ಧೆಯ ಎಲಿಮಿನೇಟರ್ ಪಂದ್ಯದಲ್ಲಿ ಲಖನೌ ತಂಡದ ನಾಯಕರಾಗಿ ಅವರು ನಮ್ಮ ಬೆಂಗಳೂರು ತಂಡದ ಎದುರು 79 ರನ್ ಹೊಡೆದರೂ ತಂಡ 14 ರನ್ನುಗಳಿಂದ ಸೋತಿತು. ಅಂದೂ ನಿಧಾನವಾಯಿತೆಂಬ ದೂರು ಕೇಳಿಬಂದಿತು. ಹೀಗೆ ಸಾಲಾಗಿ ಪೇರಿಸಿಟ್ಟರೆ ಯಾರಿಗಾದರೂ ಕಾಕಾ ಹೇಳುವುದೇ ದಿಟವೆನಿಸೀತು.

ಆದರೆ ಸಾಲು ಪೇರಿಸುವವರು ತಮಗೆ ಬೇಕಾದ ಕಲ್ಲನ್ನೇ ಆರಿಸಿಕೊಳ್ಳುತ್ತಾರೆ. ರಣಜಿ ಟ್ರೋಫಿಯ ಅಂತಿಮ ಪಂದ್ಯಗಳನ್ನು ಈ ವಾದದಲ್ಲಿ ಯಾರೂ ತರುವುದಿಲ್ಲ. ಅವನ್ನು ನೋಡಿದವರೇ ಕಡಿಮೆ. 2014ರಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರದ ಎದುರು ನಡೆದ ಅಂತಿಮ ಪಂದ್ಯದಲ್ಲಿ ರಾಹುಲ್ 131 ರನ್ ಹೊಡೆದರು, ಕರ್ನಾಟಕ ಗೆದ್ದಿತು. ಮರುವರ್ಷ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ತಮಿಳುನಾಡಿನ ಎದುರು ಕರ್ನಾಟಕ 84 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಅಲ್ಲಿಂದ ಕರುಣ್ ನಾಯರ್ ಮತ್ತು ರಾಹುಲ್ ಕೂಡಿ 386 ರನ್ ಸೇರಿಸಿದರು. ಕರುಣ್ 328, ರಾಹುಲ್ 188. ಎರಡು ವರ್ಷ, ಎರಡು ಅಂತಿಮ ಪಂದ್ಯ, ಎರಡು ಶತಕ. ದೊಡ್ಡ ದಿನಕ್ಕೆ ಆಗದವನು ಮಾಡುವ ಕೆಲಸವೇ ಇದು? ವಿಶ್ವಕಪ್ಪಿಗೂ ರಣಜಿಗೂ ಎತ್ತಣ ಸಾಟಿಯೆಂದು ಕಾಕಾ ಕೇಳುತ್ತಾರೆ. ಕೇಳಲಿ. ಎದೆ ನಡುಗುವವನಿಗೆ ರಣಜಿಯ ಅಂತಿಮ ಪಂದ್ಯದಲ್ಲೂ ನಡುಗುತ್ತದೆ.

ಅಹಮದಾಬಾದಿನ ಆ ಆಟದ ಬಗೆಗೆ ನಮ್ಮ ಅಭಿಪ್ರಾಯವನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ಮೊದಲ ಹಂತದಲ್ಲಿ ಅವರು ಕಾದದ್ದು ಸರಿ. ಪಿಚ್ಚು ನಿಧಾನವಾಗಿತ್ತು, ಇನ್ನೊಂದು ವಿಕೆಟ್ ಬಿದ್ದಿದ್ದರೆ ಬಾಲವೇ ಉಳಿಯುತ್ತಿತ್ತು. ಅದೇ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ, ಚೆನ್ನೈನಲ್ಲಿ, ಭಾರತದ ಮೊತ್ತ ಎರಡು ರನ್ನಿಗೆ ಮೂರು ವಿಕೆಟ್ ಆಗಿದ್ದಾಗ ಹೀಗೆಯೇ ತಾಳ್ಮೆಯಿಂದ ಆಡಿ 97 ರನ್ ಗಳಿಸಿ ಔಟಾಗದೆ ಉಳಿದಿದ್ದವರು ಅವರೇ. ಆದರೆ ಚೆನ್ನೈನಲ್ಲಿ ತಲುಪಬೇಕಾದ ಗುರಿ 200, ಅದು ಕಣ್ಣೆದುರಿಗಿತ್ತು. ಅಹಮದಾಬಾದಿನಲ್ಲಿ ಮೊದಲು ಬ್ಯಾಟು ಹಿಡಿದಿದ್ದರಿಂದ ಗುರಿಯನ್ನು ತಾವೇ ಕಟ್ಟಬೇಕಾಗಿತ್ತು. ಇಪ್ಪತ್ತೊಂಬತ್ತನೆಯ ಓವರಿನಲ್ಲಿ ಕೊಹ್ಲಿ ಔಟಾದ ಮೇಲೂ ರಾಹುಲ್ ಹನ್ನೆರಡು-ಹದಿಮೂರು ಓವರ್ ನಿಂತರು. ಆ ಅವಧಿಯಲ್ಲಿ ಒಮ್ಮೆಯಾದರೂ ಅಪಾಯಕ್ಕೆ ಕೈಹಾಕಬೇಕಾಗಿತ್ತು. ಕಾಕಾ ಅವರ ಬಿತ್ತನೆಯ ಮಾತು ಇಷ್ಟರ ಮಟ್ಟಿಗೆ ನಮಗೂ ಒಪ್ಪಿಗೆ. “ದೊಡ್ಡ ದಿನಕ್ಕ ಆಗೂದಿಲ್ಲ” ಎಂಬುದು ಮಾತ್ರ ಬೇರೆಯೇ ಮಾತು. ಮೊದಲನೆಯದು ಒಂದು ದಿನದ ಲೆಕ್ಕಾಚಾರವನ್ನು ಕುರಿತದ್ದು, ಎರಡನೆಯದು ಮನುಷ್ಯನ ಹಣೆಗೆ ಬರೆದದ್ದು.

ಈ ಬಗೆಯ ಹಣೆಬರಹ ಬರೆಯುವುದು ಕ್ರಿಕೆಟ್ ಲೋಕದಲ್ಲಷ್ಟೇ ಇಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ 2011ರ ಅಂತಿಮ ಸರಣಿಯ ಒಂದು ಪಂದ್ಯದಲ್ಲಿ ಕೇವಲ ಎಂಟು ಅಂಕ ಗಳಿಸಿದಾಗ ಅವರ ದೇಶವೇ ಅವರನ್ನು ಹೀಗೆ ಹಳಿಯಿತು. ಮರುವರ್ಷ ಅವರು ಪ್ರಶಸ್ತಿ ಗೆದ್ದರು. 2016ರಲ್ಲಿ ಮೂರು-ಒಂದರಿಂದ ಹಿಂದೆ ಬಿದ್ದಿದ್ದ ತಂಡವನ್ನು ಎತ್ತಿ ಗೆಲ್ಲಿಸಿದರು. ಅಲ್ಲಿಯದು ಏಳು ಪಂದ್ಯಗಳ ಸರಣಿ, ನಾಲ್ಕು ಗೆದ್ದವರಿಗೆ ಕಪ್ಪು. ಒಂದು ರಾತ್ರಿ ಕೆಟ್ಟರೆ ಎರಡು ದಿನ ಬಿಟ್ಟು ಸರಿಪಡಿಸಿಕೊಳ್ಳಲು ಅವಕಾಶವಿದೆ. ನಮ್ಮ ವಿಶ್ವಕಪ್ಪಿನಲ್ಲಿ ಅಂಥ ಕರುಣೆ ಇಲ್ಲ. ಅಹಮದಾಬಾದಿಗೆ ಉತ್ತರ ಕೊಡಲು ರಾಹುಲ್ ಒಂದು ವರ್ಷ ನಾಲ್ಕು ತಿಂಗಳು ಕಾಯಬೇಕಾಯಿತು.

ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕು. ನಮ್ಮ ತಮ್ಮನ ಮಗಳು ಪ್ರೌಢಶಾಲೆಯಲ್ಲಿ ಖೋಖೋ ಆಡುತ್ತಾಳೆ. ಓಟದಲ್ಲಿ ಚುರುಕು. ಅಹಮದಾಬಾದಿನ ಪಂದ್ಯವಾಗಿ ಕೆಲವೇ ವಾರಗಳಲ್ಲಿ ಅವಳ ತಂಡ ಒಂದು ಅಂತಿಮ ಪಂದ್ಯವನ್ನು ಸೋತಿತು. ಮೊದಲ ಮೂವರ ತಂಡದಲ್ಲಿ ಅಂಗಣಕ್ಕೆ ಇಳಿದ ಅವಳು ಎಲ್ಲರಿಗಿಂತ ಮೊದಲು ಔಟಾಗಿದ್ದಳು. ಸಂಜೆ ಊಟಕ್ಕೆ ಕುಳಿತಾಗ ಯಾರೋ ನಗೆಯಾಡುತ್ತ, “ಈಕಿ ನಮ್ಮನಿ ರಾಹುಲ್” ಎಂದುಬಿಟ್ಟರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ಮೇಲೆ ಮೂರು ವಾರ ಅವಳು ಸಂಜೆಯ ಅಭ್ಯಾಸಕ್ಕೆ ಹೋಗಲಿಲ್ಲ. ಕಾಲು ನೋವೆಂದಳು. ಅವ್ವ ಎಣ್ಣೆ ಹಚ್ಚಿ ತಿಕ್ಕಿದರು. ಕಾಲಿನಲ್ಲಿ ಏನೂ ಇರಲಿಲ್ಲವೆಂಬುದು ಅವ್ವನಿಗೂ ಗೊತ್ತಿತ್ತೆಂದು ನಮ್ಮ ಊಹೆ.

ನಮ್ಮ ಕಡೆ ಕಾರಹುಣ್ಣಿಮೆಯ ದಿನ ಎತ್ತುಗಳನ್ನು ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಿಂಗರಿಸಿ ಓಡಿಸುತ್ತಾರೆ. ಕರಿ ಹರಿದ ಎತ್ತಿಗೆ ಅಂದು ಊರೆಲ್ಲ ಜಯಕಾರ. ಆದರೆ ಸಂತೆಯಲ್ಲಿ ಎತ್ತು ಕೊಳ್ಳುವಾಗ “ಇದು ಕರಿ ಹರಿದದ್ದೇ?” ಎಂದು ಕೇಳಿದ ಒಕ್ಕಲಿಗನನ್ನು ನಾವು ಕಂಡಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಎಡಗೋಲಿನದೋ ಬಲಗೋಲಿನದೋ ಎಂದು ವಿಚಾರಿಸುತ್ತಾನೆ. ಎಡಕ್ಕೆ ಪಳಗಿದ್ದನ್ನು ಬಲಕ್ಕೆ ಹೂಡಿದರೆ ಎಂಥ ಎತ್ತೂ ಸಾಲು ತಪ್ಪುತ್ತದೆ. ಜೀವಮಾನವೆಲ್ಲ ಎತ್ತು ಕಟ್ಟಿದ ಕಾಕಾ ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಕ್ರಿಕೆಟ್ಟಿಗೆ ಬಂದಾಗ ಮಾತ್ರ ಕಾರಹುಣ್ಣಿಮೆಯ ಲೆಕ್ಕ.

2025ರ ಮಾರ್ಚಿನಲ್ಲಿ ದುಬೈನಲ್ಲಿ ನಡೆದದ್ದೂ ಎಡ-ಬಲದ ಮಾತೇ. ಚಾಂಪಿಯನ್ಸ್ ಟ್ರೋಫಿಯಲ್ಲಿ ರಾಹುಲರನ್ನು ಆರನೆಯ ಕ್ರಮಾಂಕಕ್ಕೆ ಇಳಿಸಿದರು. ಅವರಿಗೆ ಅನ್ಯಾಯವಾಯಿತೆಂದು ನಾವೇ ಗೊಣಗಿದೆವು. ಮಾರ್ಚ್ 4ರ ಉಪಾಂತ್ಯದಲ್ಲಿ ಎದುರಾಳಿ ಅದೇ ಆಸ್ಟ್ರೇಲಿಯ, ಗುರಿ 265. ಕೊಹ್ಲಿ 84 ರನ್ನಿಗೆ ಔಟಾದ ಮೇಲೂ ರಾಹುಲ್ ಗಾಬರಿಗೊಳ್ಳದೆ 34 ಚೆಂಡುಗಳಲ್ಲಿ 42 ರನ್ ಗಳಿಸಿ, ಮ್ಯಾಕ್ಸ್‌ವೆಲ್ಲರ ಚೆಂಡನ್ನು ಸಿಕ್ಸರಿಗೆ ಎತ್ತಿ ಆಟ ಮುಗಿಸಿದರು. ಮಾರ್ಚ್ 9ರ ಅಂತಿಮ ಪಂದ್ಯದಲ್ಲಿ ನ್ಯೂಜಿಲೆಂಡ್ ಕೊಟ್ಟ ಗುರಿ 252. ರೋಹಿತ್ ಶರ್ಮಾ 76 ರನ್ನಿನ ಬುನಾದಿ ಹಾಕಿದ್ದರು. ನಡುವೆ ವಿಕೆಟ್ಟುಗಳು ಉರುಳಿದಾಗ ರಾಹುಲ್ 33 ಚೆಂಡುಗಳಲ್ಲಿ 34 ರನ್ ಮಾಡಿ ಕೊನೆಯವರೆಗೆ ನಿಂತರು. ಆಟದ ಸ್ವಭಾವದಲ್ಲಿ ನಮಗೆ ಹೆಚ್ಚಿನ ಬದಲಾವಣೆ ಕಾಣಲಿಲ್ಲ. ಅದೇ ತಣ್ಣನೆಯ ಮುಖ, ವಿಕೆಟ್ಟಿನ ಮೇಲೆ ಅದೇ ಜಿಪುಣತನ. ಅಹಮದಾಬಾದಿನಲ್ಲಿ ಬೈಸಿಕೊಂಡ ಗುಣವೇ ಗುರಿ ಹತ್ತಿರವಿದ್ದಾಗ ಬೆಲೆಗೆ ಬಂದಿತು.

ಆ ರಾತ್ರಿ ಹುಡುಗಿ ಕಾಕಾ ಅವರ ಮುಂದೆ ಹೋಗಿ ನಿಂತು, “ಮುತ್ಯಾ, ಈಗೇನಂತಿ?” ಎಂದಳು. ಕಾಕಾ ಟೊಪ್ಪಿಗೆ ತೆಗೆದು ತಲೆ ಸವರಿಕೊಂಡರು. “ಆರನೇ ನಂಬರಿಗೆ ಬಂದು ಯಾರರೆ ಆಡ್ತಾರವ್ವ” ಎಂದು ಎದ್ದು ಹೊರಟರು. ಸೋಲೊಪ್ಪುವ ಜಾಯಮಾನ ಅವರದಲ್ಲ. ಈಗ ಅವರ ಕಣ್ಣು 2027ರ ವಿಶ್ವಕಪ್ಪಿನ ಮೇಲಿದೆ; ಅಲ್ಲಿ ನೋಡೋಣ ಎನ್ನುತ್ತಾರೆ. ಭಾಗ್ಯವಂತಿ ದೇವಿಯ ದರ್ಶನಕ್ಕೆ ಬಂದ ಪರಸ್ಥಳದ ಬೀಗರನ್ನೂ ಕಟ್ಟೆಯ ಮೇಲೆ ಕೂರಿಸಿಕೊಂಡು ಅಹಮದಾಬಾದಿನ 107 ಚೆಂಡುಗಳ ಲೆಕ್ಕವನ್ನು ಇಂದಿಗೂ ಒಪ್ಪಿಸುತ್ತಾರೆ.

ಹುಡುಗಿಯ ಶಾಲೆಗೆ ಹೊಸದಾಗಿ ಬಂದ ದೈಹಿಕ ಶಿಕ್ಷಕರು ಅವಳನ್ನು ಮೊದಲ ಮೂವರಿಂದ ತೆಗೆದು ಎರಡನೆಯ ಮೂವರಲ್ಲಿ ಹಾಕಿದ್ದಾರೆ. ಎದುರಾಳಿಗಳು ಸ್ವಲ್ಪ ದಣಿದ ಮೇಲೆ ಅವಳ ಓಟ ಹೆಚ್ಚು ನಡೆಯುತ್ತದೆಂದು ಅವರ ಲೆಕ್ಕವಂತೆ. ಮುಂದಿನ ವಾರ ಅಫಜಲಪುರದಲ್ಲಿ ಪಂದ್ಯವಿದೆ. ಕಾಕಾ ತಾವೂ ಬರುವುದಾಗಿ ಹೇಳಿ, ಬಸ್ಸಿನ ವೇಳೆಯನ್ನು ಈಗಾಗಲೇ ಎರಡು ಸಲ ಕೇಳಿದ್ದಾರೆ.